‘ಬಿಟ್ಟ ಸ್ಥಳ ತುಂಬಬೇಕಾ ಅತ್ತೆ?’ ಕನ್ನಡ ಪುಸ್ತಕ ಮಾಡುವವರಿಗೊಂದು ಬಹಿರಂಗ ಪತ್ರ

ಕನ್ನಡ ಪುಸ್ತಕಗಳ ಪ್ರಕಾಶಕರಿಗೆ, ಶಾಲೆಯ ಪಠ್ಯ ರೂಪಿಸುವವರಿಗೆ, ಕಂಪ್ಯೂಟರಿನ ಮುಂದೆ ಕೂತು ಪುಟ ಕಟ್ಟುವ ಗೆಳೆಯ ಗೆಳತಿಯರಿಗೆ,

ನಮಸ್ಕಾರ.

ಹೋದ ಬೇಸಿಗೆ ರಜೆಯಲ್ಲಿ ಅಣ್ಣನ ಮಗಳು ನಮ್ಮನೆಗೆ ಬಂದಿದ್ದಳು. ಆಗಷ್ಟೇ ಎರಡನೇ ಕ್ಲಾಸು ಮುಗಿಸಿದ ಹುಡುಗಿ. ಅವಳಿಗೆ ಅಂತಲೇ ಒಂದು ಕಥೆ ಪುಸ್ತಕ ತಂದಿಟ್ಟಿದ್ದೆ. ಒಳ್ಳೆ ಕಾಗದ, ಬಣ್ಣದ ಚಿತ್ರ, ದಪ್ಪ ಅಕ್ಷರ. ಪುಟದ ಎಡಗಡೆ ಚಿತ್ರ, ಬಲಗಡೆ ಉಳಿದ ಸಣ್ಣ ಜಾಗದಲ್ಲಿ ಕಥೆ. ಅವಳು ಬೆರಳಿಟ್ಟುಕೊಂಡು ಜೋರಾಗಿ ಓದುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಹುರಳಿಕಾಯಿ ನಾರು ತೆಗೆಯುತ್ತಿದ್ದೆ.

‘ಮೊಲ’ ಅಂದಳು. ಬೆರಳು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ‘ಹೇಳಿಕೊಳ್ಳಲಾಗದೆ’ ಅಂದಳು. ಮತ್ತೆ ನಿಂತಳು. ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಕೇಳಿದಳು: ‘ಅತ್ತೆ, ಇಲ್ಲಿ ಬಿಟ್ಟ ಸ್ಥಳ ತುಂಬಬೇಕಾ?’

ನೋಡಿದೆ. ಆ ಸಾಲಿನಲ್ಲಿ ಇದ್ದದ್ದು ಎರಡೇ ಪದ. ಒಂದು ಎಡತುದಿಗೆ ಅಂಟಿಕೊಂಡಿತ್ತು, ಇನ್ನೊಂದು ಬಲತುದಿಗೆ. ನಡುವೆ ನನ್ನ ಹೆಬ್ಬೆರಳು ಇಡುವಷ್ಟು ಖಾಲಿ. ಶಾಲೆಯ ವರ್ಕ್‌ಬುಕ್ಕಿನಲ್ಲಿ ಖಾಲಿ ಜಾಗ ಕಂಡರೆ ಅಲ್ಲೊಂದು ಪದ ಬರೆಯಬೇಕು ಅಂತ ಅವಳಿಗೆ ಹೇಳಿಕೊಟ್ಟಿದ್ದಾರೆ. ಅವಳು ಕೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ.

ಆ ಪುಸ್ತಕ ಯಾರದ್ದು ಅಂತ ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ. ನನ್ನ ಕಪಾಟಿನಲ್ಲೇ ಇಂಥ ಪುಸ್ತಕಗಳು ಬೇಕಾದಷ್ಟಿವೆ. ಕೆಲವಕ್ಕೆ ಕರಡು ತಿದ್ದಿದವಳು ನಾನೇ. ಕಾಗುಣಿತ ನೋಡಿದ್ದೆ, ಒತ್ತು ನೋಡಿದ್ದೆ, ಪೂರ್ಣವಿರಾಮ ನೋಡಿದ್ದೆ. ಪದಗಳ ನಡುವಿನ ಖಾಲಿಯನ್ನು ನೋಡಿರಲಿಲ್ಲ. ಆ ಮಗು ಕೇಳಿದ ದಿನದಿಂದ ಬೇರೇನೂ ಕಣ್ಣಿಗೆ ಬೀಳುತ್ತಿಲ್ಲ. ಅದಕ್ಕೇ ಈ ಪತ್ರ.

ನಾವು ಜಸ್ಟಿಫೈ ಅಂತೀವಲ್ಲ, ಅದರ ಕೆಲಸ ಇಷ್ಟೇ. ಸಾಲಿನ ಎರಡೂ ತುದಿ ನೇರವಾಗಿ ನಿಲ್ಲಬೇಕು. ಕೊನೆಯ ಪದ ಸಾಲಿನಲ್ಲಿ ಹಿಡಿಸದಿದ್ದರೆ ಅದು ಕೆಳಗೆ ಹೋಗುತ್ತದೆ. ಅದು ಬಿಟ್ಟುಹೋದ ಜಾಗವನ್ನು ಉಳಿದ ಪದಗಳ ನಡುವೆ ಹಂಚಬೇಕು. ಹಂಚುವುದಕ್ಕೆ ಎಷ್ಟು ಸಂದು ಇವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಎರಡು ಸೆಂಟಿಮೀಟರ್ ಜಾಗ ಉಳಿಯಿತು ಅಂದುಕೊಳ್ಳಿ. ಸಾಲಿನಲ್ಲಿ ಹನ್ನೊಂದು ಪದ ಇದ್ದರೆ ಹತ್ತು ಸಂದು. ಒಂದೊಂದಕ್ಕೆ 2 ಮಿಲಿಮೀಟರ್ ಸೇರಿತು, ಯಾರ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ. ಸಾಲಿನಲ್ಲಿ ಮೂರೇ ಪದ ಇದ್ದರೆ ಎರಡೇ ಸಂದು. ಒಂದೊಂದಕ್ಕೆ 1 ಸೆಂಟಿಮೀಟರ್ ಸೇರುತ್ತದೆ. ಎರಡೇ ಪದ ಇದ್ದರೆ? ಆ ಎರಡು ಸೆಂಟಿಮೀಟರೂ ಒಂದೇ ಕಡೆ ಬಂದು ಕೂರುತ್ತದೆ. ಮೊಲದ ಗತಿ ಆದದ್ದು ಅದೇ.

ಕನ್ನಡಕ್ಕೆ ಇದು ಯಾಕೆ ಇಷ್ಟು ಜಾಸ್ತಿ ಕಾಡುತ್ತದೆ ಅಂದರೆ ನಮ್ಮ ಪದಗಳು ಉದ್ದ. ವಿಭಕ್ತಿ, ಕಾಲ, ‘ಬೇಕು’, ‘ಆಗು’, ‘ಕೊಳ್ಳು’, ‘ಅಂತೆ’ ಎಲ್ಲವೂ ಪದದ ಬಾಲಕ್ಕೇ ಸೇರಿಕೊಳ್ಳುತ್ತವೆ. ‘ಮಾಡಿಕೊಳ್ಳಬೇಕಾಗುತ್ತದೆ’ ಅಂತ ನಾವು ಒಂದೇ ಪದದಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ನಾಲ್ಕೈದು ಪುಟ್ಟ ಪದ ಮಾಡಿ ಹೇಳಬೇಕು. ಅಂದರೆ ಅವರಿಗೆ ಮೂರ್ನಾಲ್ಕು ಸಂದು ಹೆಚ್ಚಿಗೆ ಸಿಗುತ್ತವೆ, ನಮಗೆ ಒಂದೂ ಇಲ್ಲ. ಇದು ನಮ್ಮ ಭಾಷೆಯ ಕೊರತೆ ಅಲ್ಲ. ಅದರ ಮೈಕಟ್ಟೇ ಹಾಗೆ. ಮೈಗೆ ತಕ್ಕಂತೆ ಅಂಗಿ ಹೊಲಿಯಬೇಕು ಅಲ್ವಾ?

ನಾಲ್ಕು ಸೆಂಟಿಮೀಟರ್ ಅಗಲದ ಕಾಲಂನಲ್ಲಿ ಕನ್ನಡವನ್ನು ಜಸ್ಟಿಫೈ ಮಾಡಿ, ಪದ ಒಡೆಯಲು ಬಿಡದೆ ಹೋದರೆ ಏನಾಗುತ್ತದೆ ಅಂತ ನೋಡಬೇಕಾದರೆ ಒಂದು ಕೆಲಸ ಮಾಡಿ. ಆ ಪುಟವನ್ನು ತಲೆಕೆಳಗಾಗಿ ಹಿಡಿಯಿರಿ. ಕೈ ಚಾಚಿ ದೂರ ಮಾಡಿ. ಕಣ್ಣು ಅರ್ಧ ಮುಚ್ಚಿ. ಅಕ್ಷರ ಓದಲಿಕ್ಕೆ ಬರುವುದಿಲ್ಲ, ಹಾಗಾಗಿ ಖಾಲಿ ಮಾತ್ರ ಕಾಣುತ್ತದೆ. ಒಂದು ಸಾಲಿನ ಸಂದಿನ ಕೆಳಗೆ ಇನ್ನೊಂದು ಸಾಲಿನ ಸಂದು, ಅದರ ಕೆಳಗೆ ಮತ್ತೊಂದು. ಬೇಸಿಗೆಯಲ್ಲಿ ಕೆರೆಯ ಅಂಗಳ ಬಿರುಕು ಬಿಟ್ಟ ಹಾಗೆ ಬಿಳಿ ಗೆರೆಗಳು ಮೇಲಿಂದ ಕೆಳಕ್ಕೆ ಇಳಿದಿರುತ್ತವೆ. ಓದುವವರ ಕಣ್ಣು ಎಡದಿಂದ ಬಲಕ್ಕೆ ಹೋಗಬೇಕು. ಆದರೆ ಪಕ್ಕದ ಪದಕ್ಕಿಂತ ಕೆಳಗಿನ ಪದ ಹತ್ತಿರ ಇದ್ದರೆ ಕಣ್ಣು ಕೆಳಗೆ ಜಾರುತ್ತದೆ. ನಮ್ಮಂಥ ದೊಡ್ಡವರು ಹೇಗೋ ಸಂಭಾಳಿಸಿಕೊಳ್ಳುತ್ತೇವೆ. ಅಕ್ಷರ ಕೂಡಿಸಿ ಕೂಡಿಸಿ ಓದುವ ಮಗು ಅಲ್ಲಿ ದಾರಿ ತಪ್ಪುತ್ತದೆ. ಓದಿನಲ್ಲಿ ತೊಂದರೆ ಇರುವವರಿಗಂತೂ ಇನ್ನೂ ಕಷ್ಟ. ಬ್ರಿಟಿಷ್ ಡಿಸ್‌ಲೆಕ್ಸಿಯಾ ಅಸೋಸಿಯೇಷನ್ ತನ್ನ ಸಲಹೆಗಳಲ್ಲಿ ಎಡಕ್ಕೆ ಸಾಲು ಹಿಡಿಯಿರಿ, ಜಸ್ಟಿಫೈ ಮಾಡಬೇಡಿ ಅಂತಲೇ ಹೇಳಿದೆ.

ಹಾಗಾದರೆ ಹಿಂದೆ ಹೇಗೆ ಮಾಡುತ್ತಿದ್ದರು? ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸಿ ಮುದ್ರಿಸುವ ಕಾಲದಲ್ಲೂ ಎರಡೂ ಅಂಚು ನೇರವಾಗಿಯೇ ಇರುತ್ತಿತ್ತಲ್ಲ?

ಇತ್ತು. ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲಿ ಒಂದು ಟ್ರೆಡಲ್ ಪ್ರೆಸ್ ಇತ್ತು. ಶಾಲೆ ಬಿಟ್ಟ ಮೇಲೆ ಅಲ್ಲಿ ಹೋಗಿ ನಿಲ್ಲುತ್ತಿದ್ದೆ. ಹಿರಿಯ ಕಂಪೋಸಿಟರ್ ಒಬ್ಬರು ಎಡಗೈಯಲ್ಲಿ ಸ್ಟಿಕ್ ಅನ್ನುವ, ಸಾಲು ಕೂಡಿಸುವ ಪುಟ್ಟ ತಟ್ಟೆ ಹಿಡಿದು ಖಾನೆಗಳಿರುವ ಕೇಸಿನಿಂದ ಮೊಳೆ ತೆಗೆದು ಜೋಡಿಸುತ್ತಿದ್ದರು. ಕೈ ಮೊಳೆಯ ಕಡೆ, ಕಣ್ಣು ಹಸ್ತಪ್ರತಿಯ ಕಡೆ. ಸಾಲು ತುಂಬುತ್ತಾ ಬಂದಾಗ ಮಾತ್ರ ಕೈ ನಿಧಾನ ಆಗುತ್ತಿತ್ತು. ಮೊದಲು ಪದಗಳ ನಡುವಿನ ಸ್ಪೇಸ್ ಅನ್ನುವ ಖಾಲಿ ಮೊಳೆ ತೆಗೆದು ತೆಳುವಾದದ್ದು ಹಾಕಿ ನೋಡುತ್ತಿದ್ದರು. ಹಿಡಿಸಲಿಲ್ಲ ಅಂದರೆ ಪದವನ್ನು ಒಡೆಯುತ್ತಿದ್ದರು. ‘ಮಾಡಿಕೊಳ್ಳ’ ಈ ಸಾಲಿಗೆ, ಒಂದು ಅಡ್ಡಗೆರೆ, ‘ಬೇಕಾಗುತ್ತದೆ’ ಮುಂದಿನ ಸಾಲಿಗೆ. ಆಮೇಲೆ ಉಳಿದ ಚೂರುಪಾರು ಜಾಗಕ್ಕೆ ಸಮನಾಗಿ ಸ್ಪೇಸ್ ಸೇರಿಸಿ, ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಸಾಲು ಅಲುಗಾಡಬಾರದು, ಬಿಗಿಯಾಗಿ ಸಿಕ್ಕಿಕೊಳ್ಳಲೂಬಾರದು.

‘ಪದ ಒಡೆಯಬಹುದಾ?’ ಅಂತ ನಾನು ಕೇಳಿದ್ದು ನೆನಪಿದೆ. ‘ಪದ ಒಡೀಬಹುದು ಕಣಮ್ಮ, ಅಕ್ಷರ ಒಡೀಬಾರದು’ ಅಂದಿದ್ದರು.

ಇಡೀ ವಿಷಯ ಆ ಮಾತಿನಲ್ಲೇ ಇದೆ. ‘ಹೋಗುತ್ತಿದ್ದ’ ಅನ್ನುವುದನ್ನು ‘ಹೋಗು’ ಆದ ಮೇಲೆ ಒಡೆಯಬಹುದು. ‘ತ್ತಿ’ಯನ್ನು ಒಡೆದು ‘ತ್’ ಮೇಲೆ ಬಿಟ್ಟು ‘ತಿ’ ಕೆಳಗೆ ತರುವ ಹಾಗಿಲ್ಲ. ಒತ್ತು ತನ್ನ ಅಕ್ಷರದ ಕೆಳಗೇ ಇರಬೇಕು, ದೀರ್ಘ ತನ್ನ ಅಕ್ಷರದ ಪಕ್ಕದಲ್ಲೇ ಇರಬೇಕು, ಸೊನ್ನೆ ಒಂಟಿಯಾಗಿ ಸಾಲಿನ ಮೊದಲಿಗೆ ಬರಬಾರದು. ಇಷ್ಟು ನೋಡಿಕೊಂಡರೆ ಕನ್ನಡದ ಪದ ಒಡೆಯುವುದು ಇಂಗ್ಲಿಷಿಗಿಂತ ಸುಲಭ. ಇಂಗ್ಲಿಷಿನಲ್ಲಿ ಎಲ್ಲಿ ಒಡೆಯಬೇಕು ಅಂತ ನಿಘಂಟು ನೋಡಬೇಕು. ನಮ್ಮಲ್ಲಿ ಲಿಪಿಯೇ ಹೇಳಿಬಿಡುತ್ತದೆ.

ನೇರ ಅಂಚಿಗೆ ಯಾವಾಗಲೂ ಒಂದು ಬೆಲೆ ಇದೆ, ಹಿಂದಿನವರು ಆ ಬೆಲೆ ಕೊಟ್ಟಿದ್ದರು. ಜರ್ಮನಿಯ ಮೈಂಟ್ಸ್ ಊರಿನಲ್ಲಿ 1455ರ ಸುಮಾರಿಗೆ ಗುಟೆನ್‌ಬರ್ಗ್ ಮುದ್ರಿಸಿದ ಬೈಬಲ್ ನೋಡಿ. ಪುಟಕ್ಕೆ ಎರಡು ಕಾಲಂ, ಹೆಚ್ಚಿನ ಪುಟಗಳಲ್ಲಿ ಕಾಲಂಗೆ 42 ಸಾಲು, ಅಂಚು ಗೋಡೆಯಷ್ಟು ನೇರ. ಅದಕ್ಕಾಗಿ ಅವನು ಒಂದೇ ಅಕ್ಷರಕ್ಕೆ ಬೇರೆ ಬೇರೆ ಅಗಲದ ಮೊಳೆ ಎರಕ ಹೊಯ್ಯಿಸಿದ್ದ. ಜೋಡಕ್ಷರಗಳನ್ನು ಮಾಡಿಸಿದ್ದ. ಪದಗಳ ಸಂಕ್ಷಿಪ್ತ ರೂಪ ಬಳಸಿದ್ದ, ಧಾರಾಳವಾಗಿ ಒಡೆದಿದ್ದ. ಅಷ್ಟೆಲ್ಲ ಮಾಡಿದ್ದರಿಂದ ಅವನ ಪದಗಳ ನಡುವೆ ಬಿರುಕು ಕಾಣುವುದಿಲ್ಲ. ನಾವು ಅವನ ನೇರ ಅಂಚನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನೆಲ್ಲ ಬಿಟ್ಟೆವು.

ಬಿಟ್ಟದ್ದು ಸೋಮಾರಿತನದಿಂದ ಅಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲೇ ಪುಟ ಕಟ್ಟುವುದು, ಬಂದಾಗ ನಮಗೆ ಬೇರೆ ದಾರಿ ಇರಲಿಲ್ಲ.

ಆಗಿನ ಕನ್ನಡ ಫಾಂಟುಗಳು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ನುಡಿ, ಬರಹ, ಶ್ರೀಲಿಪಿ ಬಳಸಿದವರಿಗೆಲ್ಲ ಇದು ಗೊತ್ತು. ‘ಕನ್ನಡ’ ಅನ್ನುವುದು ನಮಗೆ ಮೂರು ಅಕ್ಷರ. ನುಡಿ ಫಾಂಟಿನ ಒಳಗೆ ಅದು ಏಳು ತುಂಡು. ‘ಕ’ದ ಮೈ, ಅದರ ತಲೆಕಟ್ಟು, ‘ನ’ದ ಮೈ, ಅದರ ತಲೆಕಟ್ಟು, ಕೆಳಗಿನ ನ ಒತ್ತು, ‘ಡ’ದ ಮೈ, ಅದರ ತಲೆಕಟ್ಟು. ಫಾಂಟ್ ಬದಲಾಯಿಸಿದರೆ ‘ಕ’ದ ಮೈ ಇಂಗ್ಲಿಷಿನ ಪಿ ಆಗಿ, ‘ನ’ದ ಮೈ ಬ್ರಿಟಿಷ್ ಪೌಂಡಿನ ಗುರುತಾಗಿ ಕಾಣುತ್ತಿದ್ದದ್ದು ನೆನಪಿದೆಯಾ? ಆಗ ಪುಟ ಕಟ್ಟಲು ಬಳಸುತ್ತಿದ್ದ ಪೇಜ್‌ಮೇಕರ್ ಸಾಫ್ಟ್‌ವೇರ್ ಪಾಪ, ಅದನ್ನು ಅರ್ಥವಾಗದ ಯಾವುದೋ ಇಂಗ್ಲಿಷ್ ಪದ ಅಂದುಕೊಳ್ಳುತ್ತಿತ್ತು. ಹೈಫನೇಶನ್, ಅಂದರೆ ಸಾಲಿನ ಕೊನೆಯಲ್ಲಿ ಪದ ಒಡೆಯುವ ಸೌಲಭ್ಯ, ಆನ್ ಮಾಡಿದರೆ ಎಲ್ಲೆಂದರಲ್ಲಿ ಒಡೆಯುತ್ತಿತ್ತು. ದೀರ್ಘವೋ ಒತ್ತೋ ಅಕ್ಷರದಿಂದ ಕಳಚಿ ಮುಂದಿನ ಸಾಲಿಗೆ ಬೀಳುತ್ತಿತ್ತು. ಅಕ್ಷರಗಳ ನಡುವೆ ಜಾಗ ಹಿಗ್ಗಿಸಲು ಬಿಟ್ಟರೆ ತಲೆಕಟ್ಟು ಮೈಯಿಂದ ದೂರ ಸರಿಯುತ್ತಿತ್ತು. ಹಾಗಾಗಿ ನಾವೆಲ್ಲ ಮೊದಲು ಕಲಿತ ಪಾಠ ಒಂದೇ: ಹೈಫನೇಶನ್ ಆಫ್ ಮಾಡು. ಜಸ್ಟಿಫೈ ಮಾತ್ರ ಹಾಗೇ ಉಳಿಯಿತು.

ಆ ಫಾಂಟುಗಳ ಬಗ್ಗೆ ನನಗೆ ಗೌರವವೇ ಇದೆ. ಅವು ಇಲ್ಲದಿದ್ದರೆ ಅಷ್ಟು ವರ್ಷ ಕನ್ನಡದ ಪುಸ್ತಕಗಳೇ ಕಂಪ್ಯೂಟರಿನಲ್ಲಿ ಆಗುತ್ತಿರಲಿಲ್ಲ. ಆದರೆ ಅಂದಿನ ಅನಿವಾರ್ಯ ಇವತ್ತು ಸುಮ್ನೆ ಅಭ್ಯಾಸವಾಗಿ ಉಳಿದುಬಿಟ್ಟಿದೆ. ಯಂತ್ರಕ್ಕೆ ಈಗ ಕನ್ನಡ ಗೊತ್ತು. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡಿನಲ್ಲಿ ‘ಕ’ ಅಂದರೆ ‘ಕ’ವೇ, ಪಿ ಅಲ್ಲ. ಪುಟ ಕಟ್ಟುವ ಸಾಫ್ಟ್‌ವೇರ್ ಇನ್‌ಡಿಸೈನ್ 2012ರ ಸಿಎಸ್6 ಆವೃತ್ತಿಯಿಂದ ಕನ್ನಡವನ್ನು ಕನ್ನಡವಾಗಿಯೇ ನೋಡುತ್ತದೆ. ಟೆಕ್ (TeX) ಅನ್ನುವ ಇನ್ನೊಂದು ಪುಟ ಕಟ್ಟುವ ಸಾಫ್ಟ್‌ವೇರ್ ಬಳಸುವವರಿಗೆ ಕನ್ನಡದ ಹೈಫನೇಶನ್ ನಿಯಮಗಳು ಪುಕ್ಕಟೆ ಸಿಗುತ್ತವೆ. ಅವನ್ನು ಬರೆದವರು ಕೇರಳದ ಸಂತೋಷ್ ತೋಟ್ಟಿಂಗಲ್. ಮಲಯಾಳದ ಜೊತೆಗೆ ಕನ್ನಡಕ್ಕೂ ಇತರ ಭಾರತೀಯ ಭಾಷೆಗಳಿಗೂ ಬರೆದುಕೊಟ್ಟರು. ನೆರೆಮನೆಯವರು ಕರೆದು ಕೊಟ್ಟದ್ದನ್ನು ನಾವು ಡಬ್ಬಿ ತೆಗೆದೂ ನೋಡದೆ ಇಟ್ಟುಬಿಟ್ಟಿದ್ದೇವೆ ಅನ್ನಿಸಿ ಬೇಜಾರಾಗುತ್ತದೆ.

ಈ ಮಾತು ಎತ್ತಿದಾಗಲೆಲ್ಲ ನಾನು ಕೇಳಿಸಿಕೊಂಡ ಉತ್ತರ ಎರಡು.

ಮೊದಲನೆಯದು, ‘ಪದ ಒಡೆದರೆ ಚೆನ್ನಾಗಿರಲ್ಲ, ಅದು ನಮ್ಮ ಪದ್ಧತಿಯಲ್ಲ.’ ಪದ್ಧತಿಯ ಮಾತು ಬಂದರೆ ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಿಂದಲೇ ಶುರು ಮಾಡೋಣ. ಹದಿನಾರು ಸಾಲು. ಪದಗಳ ನಡುವೆ ಸಂದೇ ಇಲ್ಲ. ಕಲ್ಲಿನ ಅಂಚು ಬಂದಲ್ಲಿ ಸಾಲು ಮುಗಿಯುತ್ತದೆ, ಪದ ಮುಗಿದಿರಲಿ ಬಿಡಲಿ. ತಾಳೆಗರಿಯಲ್ಲೂ ಹಾಗೆಯೇ. ಗರಿಯ ತುದಿಯವರೆಗೆ ಬರೆದು, ಪದದ ಉಳಿದರ್ಧವನ್ನು ಮುಂದಿನ ಸಾಲಿನಲ್ಲಿ ಮುಂದುವರಿಸುತ್ತಿದ್ದರು. ಮೊಳೆಯ ಕಾಲದ ಪುಸ್ತಕ ಮನೆಯಲ್ಲಿದ್ದರೆ ತೆಗೆದು ನೋಡಿ, ಸಾಲಿನ ಕೊನೆಯಲ್ಲಿ ಅಡ್ಡಗೆರೆಗಳು ಸಿಗುತ್ತವೆ. ಪದವನ್ನು ಸಾಲಿನಿಂದ ಸಾಲಿಗೆ ಹರಿಸುವುದು ಕನ್ನಡಕ್ಕೆ ಹೊಸದಲ್ಲ. ಹೊಸದು ಅಂದರೆ ಪದಗಳ ನಡುವಿನ ಈ ಹೊಂಡಗಳೇ.

ಎರಡನೆಯದು, ‘ಎಡಕ್ಕೆ ಮಾತ್ರ ಹಿಡಿದರೆ ಬಲಗಡೆ ಏರುಪೇರಾಗುತ್ತದೆ, ಕೆಲಸ ಅರ್ಧಕ್ಕೆ ಬಿಟ್ಟ ಹಾಗೆ ಕಾಣುತ್ತದೆ.’ ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ದುಡ್ಡು ಹಾಕುವವರಿಗೆ ಪುಟ ಅಚ್ಚುಕಟ್ಟಾಗಿ ಕಾಣಬೇಕು ಅನ್ನುವ ಆಸೆ ಸಹಜ. ಆದರೆ ಅಚ್ಚುಕಟ್ಟನ್ನು ಅಳೆಯುವುದು ಎಲ್ಲಿ? ಬಲ ಅಂಚಿನ ಏರುಪೇರು ಪುಟದ ಹೊರಗಿನ ಖಾಲಿಯ ಜೊತೆ ಸೇರಿಹೋಗುತ್ತದೆ. ಅಲ್ಲಿ ಓದುವುದಕ್ಕೆ ಏನೂ ಇಲ್ಲ. ಪದಗಳ ನಡುವಿನ ಏರುಪೇರು ಓದುವ ದಾರಿಯಲ್ಲೇ ಬರುತ್ತದೆ. ಎರಡರಲ್ಲಿ ಒಂದನ್ನು ಒಪ್ಪಲೇಬೇಕಾದರೆ ನಾನು ಅಂಚಿನದ್ದನ್ನೇ ಒಪ್ಪುತ್ತೇನೆ.

ಎಲ್ಲದಕ್ಕೂ ಜಸ್ಟಿಫೈ ಬೇಡ ಅಂತ ನಾನು ಹೇಳುತ್ತಿಲ್ಲ. ಡೆಮಿ 1/8 ಅಳತೆಯ ಕಾದಂಬರಿ, ಸಾಲು ನಾಲ್ಕು ಇಂಚಿನಷ್ಟು ಅಗಲ, ಅಕ್ಷರ 11 ಪಾಯಿಂಟ್, ಹೈಫನೇಶನ್ ಆನ್. ಇಷ್ಟಿದ್ದರೆ ಎರಡೂ ಅಂಚು ನೇರವಾಗಿದ್ದೂ ಪುಟ ಸೊಗಸಾಗಿ ಬರುತ್ತದೆ. ಮಾಡಿ ನೋಡಿದ್ದೇನೆ. ತೊಂದರೆ ಬರುವುದು ಸಾಲು ಚಿಕ್ಕದಾದಾಗ, ಅಕ್ಷರ ದಪ್ಪವಾದಾಗ, ಪದ ಒಡೆಯಲು ಬಿಡದಿದ್ದಾಗ. ಮಕ್ಕಳ ಪುಸ್ತಕದಲ್ಲಿ ಈ ಮೂರೂ ಒಟ್ಟಿಗೆ ಸೇರುತ್ತವೆ. ಮಕ್ಕಳಿಗೆ ಪದ ಒಡೆದು ಕೊಡುವುದೂ ಸರಿಯಲ್ಲ, ಈಗಷ್ಟೇ ಪದವನ್ನು ಇಡಿಯಾಗಿ ಹಿಡಿಯಲು ಕಲಿಯುತ್ತಿರುತ್ತಾರೆ. ಆದ್ದರಿಂದ ಮಕ್ಕಳ ಪುಸ್ತಕಕ್ಕೆ ಒಂದೇ ದಾರಿ. ಎಡಕ್ಕೆ ಹಿಡಿಯಿರಿ, ಬಲಗಡೆ ಬಿಟ್ಟುಬಿಡಿ. ಇನ್ನೂ ಮನಸ್ಸಿದ್ದರೆ ಮಾತು ಎಲ್ಲಿ ಉಸಿರು ತೆಗೆದುಕೊಳ್ಳುತ್ತದೋ ಅಲ್ಲೇ ಸಾಲು ಮುರಿಯಿರಿ. ‘ಮೊಲ ಯಾರಿಗೂ ಹೇಳಿಕೊಳ್ಳಲಾಗದೆ’ ಒಂದು ಸಾಲು, ‘ಪೊದೆಯ ಹಿಂದೆ ಕೂತು ಅತ್ತಿತು’ ಇನ್ನೊಂದು ಸಾಲು. ಮಗು ಸಾಲಿನ ಜೊತೆಗೇ ಅರ್ಥವನ್ನೂ ಹಿಡಿಯುತ್ತದೆ.

ಪುಟ ಕಟ್ಟುವ ಗೆಳೆಯರಿಗೆ ಒಂದೆರಡು ಕೆಲಸದ ಮಾತು. ಇನ್‌ಡಿಸೈನಿನಲ್ಲಿ ಪಠ್ಯದ ಭಾಷೆ ಇಂಗ್ಲಿಷ್ ಅಂತಲೇ ಉಳಿದಿರುತ್ತದೆ, ಅದನ್ನು ಕನ್ನಡಕ್ಕೆ ಬದಲಾಯಿಸಿ. ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ. ಅದು ಒಂದೊಂದೇ ಸಾಲನ್ನು ನೋಡದೆ ಇಡೀ ಪ್ಯಾರಾ ನೋಡಿ ಎಲ್ಲಿ ಮುರಿಯಬೇಕು ಅಂತ ಲೆಕ್ಕ ಹಾಕುತ್ತದೆ. ಈ ಉಪಾಯವನ್ನು ಡೊನಾಲ್ಡ್ ಕ್ನೂತ್ ಮತ್ತು ಮೈಕಲ್ ಪ್ಲಾಸ್ 1981ರಲ್ಲೇ ಬರೆದು ತೋರಿಸಿದ್ದರು. ಹೈಫನೇಶನ್ ಆನ್ ಮಾಡಿ. ಆದರೆ ಒಂದೇ ಅಕ್ಷರ ಸಾಲಿನ ಕೊನೆಗೋ ಮೊದಲಿಗೋ ಒಂಟಿಯಾಗಿ ಬೀಳದಂತೆ ನೋಡಿಕೊಳ್ಳಿ. ‘ತಲೆ-ನೋವು’ ಸರಿ. ‘ತಲೆನೋ-ವು’ ಬೇಡ. ಇದನ್ನು ಯಂತ್ರಕ್ಕೆ ಬಿಡಬೇಡಿ, ಕೊನೆಗೊಮ್ಮೆ ಕಣ್ಣು ಹಾಯಿಸಿ.

ಆಮೇಲೆ ಜಸ್ಟಿಫಿಕೇಶನ್ನಿನ ಆ ಪುಟ್ಟ ಪೆಟ್ಟಿಗೆ ತೆರೆಯಿರಿ. ಪದಗಳ ನಡುವಿನ ಜಾಗಕ್ಕೆ ಅಲ್ಲಿ 80, 100, 133 ಅಂತ ಮೂರು ಅಂಕಿ ಇರುತ್ತವೆ. ಕಡಿಮೆ ಎಷ್ಟು, ಸಹಜ ಎಷ್ಟು, ಹೆಚ್ಚೆಂದರೆ ಎಷ್ಟು ಅಂತ. ಸಾಲಿನಲ್ಲಿ ಪದವೇ ಇಲ್ಲದಿದ್ದರೆ ಸಾಫ್ಟ್‌ವೇರ್ 133 ದಾಟಿ ಎಷ್ಟು ಬೇಕಾದರೂ ಎಳೆಯುತ್ತದೆ, ನಮಗೆ ಹೇಳುವುದೂ ಇಲ್ಲ. ಹೇಳಬೇಕು ಅಂದರೆ ಪ್ರಿಫರೆನ್ಸಸ್‌ನಲ್ಲಿ ಕಂಪೋಸಿಷನ್ ಒಳಗೆ ‘ಎಚ್ ಅಂಡ್ ಜೆ ವಯಲೇಶನ್ಸ್’ ಅನ್ನುವುದಕ್ಕೆ ಟಿಕ್ ಹಾಕಿ. ಮಿತಿ ಮೀರಿದ ಸಾಲುಗಳೆಲ್ಲ ಹಳದಿಯಾಗುತ್ತವೆ. ಜಾಸ್ತಿ ಮೀರಿದಷ್ಟೂ ಗಾಢ ಹಳದಿ. ನಾನು ಮೊದಲ ಸಲ ಟಿಕ್ ಹಾಕಿದ ದಿನ, ಒಳ್ಳೆಯ ಕೆಲಸ ಅಂದುಕೊಂಡಿದ್ದ ಪುಟ ಪೂರ್ತಿ ಅರಿಶಿನ ಬಳಿದ ಹಾಗೆ ಆಯಿತು. ಎದೆ ಧಸಕ್ ಅಂದಿತು.

ವರ್ಡ್‌ನಲ್ಲಿ ಬರೆದು ಕಳಿಸುವ ಲೇಖಕರಿಗೂ ಒಂದು ಕೋರಿಕೆ. ಸಾಲು ಮುರಿಯಲು ಶಿಫ್ಟ್ ಹಿಡಿದು ಎಂಟರ್ ಒತ್ತಬೇಡಿ. ಜಸ್ಟಿಫೈ ಆದ ಪ್ಯಾರಾದಲ್ಲಿ ಆ ಸಾಲು ಇನ್ನೂ ಮುಗಿದಿಲ್ಲ ಅಂತ ಯಂತ್ರ ತಿಳಿಯುತ್ತದೆ. ‘ಇಂತಿ ನಿಮ್ಮವ’ ಅನ್ನುವ ಎರಡು ಪದವನ್ನು ಪುಟದ ಆ ತುದಿಗೂ ಈ ತುದಿಗೂ ಎಳೆದು ಕಟ್ಟುತ್ತದೆ.

ಕವಿತೆಯ ಬಗ್ಗೆ ಹೇಳದೆ ಇರಲಾರೆ. ಷಟ್ಪದಿಗಳನ್ನು ಮದುವೆ ಕಾಗದದ ಹಾಗೆ ನಡುವಿಗೆ ಹಿಡಿದು ಮುದ್ರಿಸುವುದನ್ನು ನೋಡಿದಾಗ ಸಂಕಟವಾಗುತ್ತದೆ. ಭಾಮಿನಿ ಷಟ್ಪದಿಗೆ ಒಂದು ಆಕಾರ ಇದೆ. ಒಂದು, ಎರಡು, ನಾಲ್ಕು, ಐದನೇ ಸಾಲುಗಳು 14 ಮಾತ್ರೆ. ಮೂರನೆಯದೂ ಆರನೆಯದೂ 23. ಎಡಕ್ಕೆ ಹಿಡಿದು ಮುದ್ರಿಸಿದರೆ ಎರಡು ಗಿಡ್ಡ ಸಾಲು ಆದ ಮೇಲೆ ಒಂದು ಸಾಲು ಬಲಕ್ಕೆ ಚಾಚುತ್ತದೆ, ಮತ್ತೆ ಎರಡು ಗಿಡ್ಡ, ಮತ್ತೆ ಚಾಚು. ಗಮಕಿ ರಾಗ ಎಳೆಯುವ ಜಾಗ ಕಣ್ಣಿಗೇ ಕಾಣುತ್ತದೆ. ನಡುವಿಗೆ ಹಿಡಿದರೆ ಪ್ರತಿ ಸಾಲೂ ಬೇರೆ ಬೇರೆ ಕಡೆ ಶುರುವಾಗುತ್ತದೆ, ಓದುವವರು ಪ್ರತಿ ಸಲ ಮೊದಲ ಅಕ್ಷರ ಹುಡುಕಬೇಕು. ಇನ್ನು ಜಸ್ಟಿಫೈ ಮಾಡಿದರೆ ಆರೂ ಸಾಲು ಒಂದೇ ಉದ್ದ. ಛಂದಸ್ಸು ಅಲ್ಲಿಗೆ ಅಳಿಸಿಹೋಯಿತು.

ಪ್ರಕಾಶಕರೇ, ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಮಕ್ಕಳ ಪುಸ್ತಕವನ್ನು ಎಡಕ್ಕೆ ಹಿಡಿದರೆ ಪುಟ ಹೆಚ್ಚಾಗುವುದಿಲ್ಲ, ಪದಗಳು ಇದ್ದ ಸಾಲಿನಲ್ಲೇ ಇರುತ್ತವೆ, ಸಂದು ಮಾತ್ರ ಸಹಜವಾಗುತ್ತದೆ. ಕಾದಂಬರಿಯಲ್ಲಿ ಪದ ಒಡೆಯಲು ಬಿಟ್ಟರೆ ಕಾಗದ ಸ್ವಲ್ಪ ಉಳಿದರೂ ಉಳಿಯಬಹುದು. ಬೇಕಾಗಿರುವುದು ಪುಟ ಕಟ್ಟುವವರಿಗೆ ಕೊಡುವ ಸೂಚನೆಯಲ್ಲಿ ಒಂದು ಸಾಲು, ಆಮೇಲೆ ಅವರಿಗೆ ಒಂದು ದಿನ ಹೆಚ್ಚು ಸಮಯ. ಪುಟಕ್ಕೆ ಇಷ್ಟು ಅಂತ ಲೆಕ್ಕ ಹಾಕಿ ದುಡ್ಡು ಕೊಡುವಾಗ ಆ ಒಂದು ದಿನದ ಲೆಕ್ಕವನ್ನೂ ಹಾಕಿ. ಕಣ್ಣು ಹಾಯಿಸುವುದಕ್ಕೂ ಹೊತ್ತು ಬೇಕಾಗುತ್ತದೆ.

ಪಠ್ಯಪುಸ್ತಕ ರೂಪಿಸುವ ಹಿರಿಯರಲ್ಲಿ ನನ್ನದು ಒಂದೇ ಬೇಡಿಕೆ. ಒಂದರಿಂದ ಐದನೇ ಕ್ಲಾಸಿನವರೆಗಿನ ಕನ್ನಡದ ಪುಸ್ತಕಗಳಲ್ಲಿ ಸಾಲು ಎಡಕ್ಕೆ ಹಿಡಿಯಬೇಕು ಅನ್ನುವುದನ್ನು ವಿನ್ಯಾಸದ ನಿಯಮದಲ್ಲೇ ಸೇರಿಸಿ. ಬೇರೆ ಪುಸ್ತಕವನ್ನೇ ಕಾಣದ ಎಷ್ಟೋ ಮನೆಗಳಿಗೆ ನಿಮ್ಮ ಪುಸ್ತಕ ಹೋಗುತ್ತದೆ.

ನಂಬಿಕೆ ಬರದಿದ್ದರೆ ಮುಂದಿನ ಪುಸ್ತಕದ ಒಂದೇ ಪುಟವನ್ನು ಎರಡು ಥರ ಪ್ರಿಂಟ್ ತೆಗೆಯಿರಿ. ಒಂದು ಈಗ ಮಾಡುವ ಹಾಗೆ, ಇನ್ನೊಂದು ಎಡಕ್ಕೆ ಹಿಡಿದು. ಏಳು ವರ್ಷದ ಇಬ್ಬರು ಮಕ್ಕಳ ಕೈಗೆ ಒಂದೊಂದು ಕೊಟ್ಟು ಜೋರಾಗಿ ಓದಲು ಹೇಳಿ. ನೀವು ಪಕ್ಕದಲ್ಲಿ ಕೂತು ಅವರ ಬೆರಳು ನೋಡಿ. ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ, ಎಲ್ಲಿ ಕೆಳಗಿನ ಸಾಲಿಗೆ ಹಾರುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಆಮೇಲೆ ಯಾವುದನ್ನು ಅಚ್ಚಿಗೆ ಕಳಿಸಬೇಕು ಅಂತ ನೀವೇ ತೀರ್ಮಾನಿಸಿ.

ಇಂತಿ,
ಕರಡು ತಿದ್ದುವ ನಿಮ್ಮವಳೊಬ್ಬಳು